ಬೆಣ್ಣೆ ಮೆತ್ತಿದ ಬಂಡೆ

ಎಪ್ಪತ್ತೆಂಟರ ಚಳಿಗಾಲದಲ್ಲಿ ಗೋಪಮ್ಮ ಬಸುರಿ ಮಗಳು ಮಾನಮ್ಮನನ್ನು ಕರೆದುಕೊಂಡು ರಾಯಚೂರಿನಿಂದ ಬಸ್ಸಿನಲ್ಲಿ ತವರೂರು ಕಲ್ಲೂರಿಗೆ ಬಂದಳು. ಅಲ್ಲಿನ ಗುಡ್ಡದ ಬುಡದ ಬಂಡೆಯೊಂದರ ಮೇಲೆ ಯಾವ ಕಾಲದವರೋ ಕೆಮ್ಮಣ್ಣಿನಲ್ಲಿ ಆಕಳು ಬರೆದಿದ್ದರು. ಅದರ ಹೊಟ್ಟೆಯ ಕೆಳಗೊಂದು ಕರು. ಗೋಪಮ್ಮನ ಮನೆತನದ ಹೆಂಗಸರು ಬಸುರಾದಾಗ ಆ ಕರುವಿನ ಮೂತಿಗೆ ಬೆಣ್ಣೆ ಹಚ್ಚುತ್ತಿದ್ದರು. ಮಾನಮ್ಮ ಹೊಟ್ಟೆಯಲ್ಲಿದ್ದಾಗ ಗೋಪಮ್ಮನೂ ಹಚ್ಚಿದ್ದಳು. ಹೋದ ವರ್ಷ ಮಗಳ ಬಸಿರು ನಿಂತಿರಲಿಲ್ಲ. ಈ ಸಲ ಕರುವನ್ನು ಕಣ್ಣಾರೆ ಕಂಡರೆ ಹುಡುಗಿಯ ಹೆದರಿಕೆ ಹೋದೀತೆಂದು ತಾಯಿಯ ಆಸೆ.

ದಾರಿಯಲ್ಲಿ ಆಡು ಮೇಯಿಸುತ್ತಿದ್ದ ಮುದುಕ ಗುಡುಸಾಬ ಗುರುತು ಹಿಡಿದ.

“ಮೂಗು ಮುಚ್ಚಿಕೊಂಡು ಹೋಗವ್ವಾ ಗೋಪಮ್ಮ. ನಿಮ್ಮ ಆಕಳು ಈಗ ಹಾಲು ಕೊಡಲ್ಲ, ಬರೇ ನಾತ ಕೊಡ್ತದ.”

ಅವನ ಮಾತು ಸುಳ್ಳಾಗಲಿಲ್ಲ. ಬಂಡೆಯ ನೆರಳಲ್ಲಿ ಜನ ಹೊಲಸು ಮಾಡಿದ್ದರು. ಸಿಂದಿಯ ಬಾಟಲಿಗಳು ಒಡೆದು ಬಿದ್ದಿದ್ದವು. ಹನುಮಂತ್ರಾಯನೆಂಬ ಪುಣ್ಯಾತ್ಮ ತನ್ನ ಹೆಸರನ್ನು ಡಾಂಬರಿನಲ್ಲಿ ಆಳೆತ್ತರ ಗೀಚಿದ್ದ. ಗೋಪಮ್ಮ ಅವನ ಕೈಗೆ ಹುಳ ಬೀಳಲೆಂದು ಶಪಿಸುತ್ತಾ, ಸೆರಗಿನಿಂದ ಮೂಗು ಮುಚ್ಚಿ ಆಕಳನ್ನು ಹುಡುಕಿದಳು.

ಆಕಳಿದ್ದ ಜಾಗದಲ್ಲಿ ಕರ್ರಗೆ ಜಿಡ್ಡಿನ ಹೊಪ್ಪಳೆ ಕಟ್ಟಿತ್ತು. ಅದರ ತುಂಬ ನೊಣ, ಇರುವೆ, ಆಡಿನ ಕೂದಲು. ಹಳಸಿದ ಬೆಣ್ಣೆಯ ನಾತ. ಅವಳು ಉಗುರಿನಿಂದ ಮೆಲ್ಲಗೆ ಕೆರೆದಳು. ಹೊಪ್ಪಳೆ ಎದ್ದು ಅಂಗೈಗೆ ಬಂತು. ಅದರ ಬೆನ್ನಿಗೆ ಕೆಂಪು ಪುಡಿ ಅಂಟಿತ್ತು. ಕೆಳಗೆ ಬರಿಗಲ್ಲು. ಹನುಮಂತ್ರಾಯನ ಡಾಂಬರು ಇಲ್ಲಿಯವರೆಗೆ ಬಂದೇ ಇರಲಿಲ್ಲ.

ಎಲೆಯಲ್ಲಿ ಬೆಣ್ಣೆ ಹಿಡಿದು ಮಾನಮ್ಮ ಕೇಳಿದಳು, “ಯವ್ವಾ, ಕರ ಎಲ್ಲದ? ಎಲ್ಲಿ ಹಚ್ಚಲಿ?”

ಎಲ್ಲಾದರೂ ಬೆರಳು ತೋರಿಸಿದ್ದರೆ ಹುಡುಗಿ ನಂಬುತ್ತಿದ್ದಳು. ಆದರೆ ಆ ಜಿಡ್ಡಿನೊಳಗೆ ಮಗಳ ಬೆರಳು ಇಳಿಯುವುದನ್ನು ನೆನೆದೇ ಗೋಪಮ್ಮನಿಗೆ ವಾಕರಿಕೆ ಬಂತು.

“ಇಲ್ಲ ಮಗಾ. ಹಚ್ಚಿ ಹಚ್ಚಿ ನಾವೇ ಅಳಿಸೀವಿ.”

ಮಾನಮ್ಮನ ಮುಖ ಬಾಡಿತು, ಕೈ ಹೊಟ್ಟೆಯ ಮೇಲೆ ಹೋಯಿತು. ಗೋಪಮ್ಮ ಮಣ್ಣು ಹಾಕಿ ಕೈ ತಿಕ್ಕಿದಳು, ಮೂಸಿ ನೋಡಿದಳು, ಮತ್ತೆ ತಿಕ್ಕಿದಳು. ಎಲೆಯ ಬೆಣ್ಣೆಯನ್ನು ತಾನೇ ಮಗಳ ಬಾಯಿಗಿಡಬೇಕೆಂದರೆ ಆ ಕೈ ಬೇಡವಾಯಿತು.

“ನನ್ನ ಕೈ ನಾರಾಕತ್ತದ. ನೀನೇ ತಿನ್ನು. ಕಲ್ಲಿಗ್ಯಾಕ ಬೆಣ್ಣಿ? ನಿನ್ನ ಹೊಟ್ಟ್ಯಾಗಿನ ಕರಕ್ಕ ಹೋಗ್ಲಿ.”

ಮಾನಮ್ಮ ಅಳುಕುತ್ತಲೇ ಬಾಯಿಗಿಟ್ಟಳು. ಆಮೇಲೆ ಎಲೆಯನ್ನೂ ನೆಕ್ಕಿದಳು. ಗೋಪಮ್ಮ ಬಂಡೆಗೆ ಬೆನ್ನು ಹಾಕಿ ಉಗುಳಿದಳು. ರಾಯಚೂರು ಮುಟ್ಟುವವರೆಗೂ ಆ ಕೈಯನ್ನು ಬಸ್ಸಿನ ಕಿಟಕಿಯಾಚೆಗೇ ಹಿಡಿದು ಕೂತಿದ್ದಳು.