ಆಂಬುಲೆನ್ಸ್ ಕರೆದ ತಪ್ಪಿಗೆ

ಊರಿನವರ ಬಟ್ಟೆಯ ಸುಕ್ಕನ್ನೆಲ್ಲ ಬಿಡಿಸುವ ಇಸ್ತ್ರಿ ಅಂಗಡಿಯ ಅಕ್ಕ, ತನ್ನ ತಮ್ಮನಿಗೆ ಹತ್ತಿದ ಮಾದಕ ಮಾತ್ರೆಯ ಚಟವನ್ನು ಮಾತ್ರ ಯಾರಿಗೂ ತಿಳಿಯದಂತೆ ಮುಚ್ಚಿಟ್ಟಿದ್ದಳು. ಅವನು ಅಮಲಿನಲ್ಲಿ ಬಂದಾಗಲೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿಸಿ ಹೊರಗಿನಿಂದ ಚಿಲಕ ಹಾಕುವುದು ಮನೆಯ ಪದ್ಧತಿ. ಗೊರಕೆ ಕೇಳಿಸಿದರೆ ಎಲ್ಲರಿಗೂ ನೆಮ್ಮದಿ.

ಒಂದು ಮಧ್ಯಾಹ್ನ ಆ ಕ್ಷೇತ್ರದ ಶಾಸಕಿ ಅಂಗಡಿಗೆ ಬಂದರು. ಮೊದಲು ನರ್ಸ್ ಆಗಿದ್ದವರು. ಚಟ ಹತ್ತಿದವರನ್ನು ಜೈಲಿಗಲ್ಲ, ಚಿಕಿತ್ಸೆಗೆ ಕಳಿಸಬೇಕು, ಅವರಿಗಾಗಿ ಆಂಬುಲೆನ್ಸ್ ಕರೆದವರ ಮೇಲೆ ಕೇಸು ಹಾಕಬಾರದು ಎಂಬ ಮಸೂದೆ ತಂದಿದ್ದರು. ಅದಕ್ಕೆ ಜನರ ಬೆಂಬಲ ಕೇಳುತ್ತ ಬೀದಿ ಬೀದಿ ಸುತ್ತುತ್ತಿದ್ದರು. ಇದು ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗೆ, ಅಂಥವರಿಗೆ ನಾಲ್ಕು ಬಿಗಿದರೆ ಸರಿಹೋಗುತ್ತಾರೆ ಎಂದು ಅಕ್ಕನ ಗಂಡ ಮುಖ ಗಂಟಿಕ್ಕಿದ. ಅಕ್ಕ ತಲೆ ಎತ್ತದೆ ಕೈಯಲ್ಲಿದ್ದ ಅಂಗಿಗೆ ಇಸ್ತ್ರಿ ಉಜ್ಜಿದಳು.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಗೊರಗೊರ ಸದ್ದು ಬಂತು. ಶಾಸಕಿ ಕಿವಿಗೊಟ್ಟರು.

"ಒಳಗೆ ಯಾರು?"

"ನನ್ನ ತಮ್ಮ. ಮಲಗಿದಾನೆ."

"ಇದು ನಿದ್ದೆ ಅಲ್ಲ ತಾಯಿ. ಉಸಿರು ಸಿಕ್ಕಿಕೊಳ್ತಿದೆ. ಬಾಗಿಲು ತೆಗೀರಿ."

ತಮ್ಮನ ತುಟಿ ನೀಲಿಗಟ್ಟಿತ್ತು. ಅಲುಗಿಸಿದರೂ ಕಣ್ಣು ಬಿಡಲಿಲ್ಲ. ಶಾಸಕಿ ಅವನನ್ನು ಪಕ್ಕಕ್ಕೆ ಹೊರಳಿಸಿ, ಆಂಬುಲೆನ್ಸ್ ಕರೆಯಲು ಹೇಳಿದರು. ಗಂಡ ಫೋನನ್ನು ಜೇಬಿನಲ್ಲೇ ಒತ್ತಿ ಹಿಡಿದ. ಹಿಂದೆಯೇ ಪೊಲೀಸರು ಬರುತ್ತಾರೆ, ಮಾತ್ರೆ ನುಂಗಲು ಕೋಣೆ ಕೊಟ್ಟವನೆಂದು ತನ್ನನ್ನೂ ಎಳೆದೊಯ್ಯುತ್ತಾರೆ, ಪಕ್ಕದ ಬೀದಿಯ ಗಾರೆ ಕೆಲಸದವನಿಗೆ ಆದದ್ದೂ ಅದೇ ಎಂದ. ಆ ಮಾತು ಸುಳ್ಳಾಗಿರಲಿಲ್ಲ.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಇಂಥ ಕಾನೂನಿನ ಮೇಲೆ ಸಿಟ್ಟು, ಮಾನಕ್ಕಂಜಿ ಚಿಲಕ ಹಾಕಿದ ತನ್ನ ಮೇಲೂ ಸಿಟ್ಟು.

"ಹೋದ್ರೆ ಜೈಲಿಗೆ ಹೋಗೋಣ ರೀ. ಅಲ್ಲಿಂದ ವಾಪಸ್ ಬರಬಹುದು. ಇವನು ಹೋದ್ರೆ ಬರ್ತಾನಾ?" ಎಂದು ಫೋನು ಕಿತ್ತುಕೊಂಡು ತಾನೇ ಕರೆದಳು.

ತಮ್ಮ ಬದುಕಿದ. ಪೊಲೀಸರೂ ಬಂದರು. ಶಾಸಕಿ ಎಷ್ಟು ಹೇಳಿದರೂ ಕೇಳದೆ, ಕಾನೂನು ಹಾಗಿದೆ ಎಂದು ಗಂಡಹೆಂಡಿರನ್ನು ಆಸ್ಪತ್ರೆಯಿಂದಲೇ ಕರೆದೊಯ್ದು ಸಂಜೆತನಕ ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ತಮ್ಮ ಕಣ್ಣು ಬಿಟ್ಟಾಗ ಪಕ್ಕದಲ್ಲಿ ತನ್ನವರೆನ್ನುವವರು ಒಬ್ಬರೂ ಇರಲಿಲ್ಲ. ಇದನ್ನು ಕೇಳಿ ಗಂಡ ಕುದ್ದುಹೋದ.

ಮಸೂದೆಯ ಬಗ್ಗೆ ಶಾಸಕರೆಲ್ಲ ಜನರ ಅಭಿಪ್ರಾಯ ಕೇಳಿದ ಸಭೆಯಲ್ಲಿ ಮೊದಲು ಎದ್ದು ನಿಂತವನು ಅವನೇ.

"ಜೀವ ಉಳಿಸಿದ್ದಕ್ಕೆ ನಮ್ಮನ್ನ ಠಾಣೇಲಿ ಕೂರಿಸಿದ್ರಿ. ನಾಳೆ ನಮ್ಮ ಪಕ್ಕದ ಮನೆಯವನು ಫೋನ್ ಮಾಡ್ತಾನಾ? ನೀವೇ ಹೇಳಿ."



ಬಂಧುಗಳೇ, ಅಮಲಿನಲ್ಲಿರುವವರ ತುಟಿ ನೀಲಿಯಾದರೆ, ಉಸಿರು ಗೊರಗುಟ್ಟಿದರೆ, ಕೂಗಿದರೂ ಏಳದಿದ್ದರೆ, ಮಲಗಲಿ ಎಂದು ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ, ಆಂಬುಲೆನ್ಸ್ ಕರೆಯಿರಿ, ಅದು ಬರುವತನಕ ಜೊತೆಗಿರಿ. ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಜೀವ ಉಳಿಸಿದವರನ್ನು ಹಿಡಿಯುವ ಕಾನೂನನ್ನು ನೀವು ಬದಲಿಸುತ್ತೀರೋ, ಇಲ್ಲವೋ?