ಮೂರನೇ ಚರಣ

ಫ್ಲೆಕ್ಸಿನ ಬಲಗಡೆಯ ಹಗ್ಗವನ್ನು ಕರೆಂಟ್ ಕಂಬಕ್ಕೆ ಸುತ್ತಿ, ಗಂಟು ಬಿಗಿಯಲೆಂದು ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಗ ಯೂಸುಫ್ ಸಾಬ್‌ನ ಕಣ್ಣು ಫೋಟೋದ ಮೇಲೆ ಬಿತ್ತು. ಅಲ್ಲಿಯವರೆಗೆ ಸುರುಳಿಯಾಗಿ ಬಿದ್ದಿದ್ದ ಫ್ಲೆಕ್ಸು ಈಗ ಗಾಳಿಗೆ ಬಿಚ್ಚಿಕೊಂಡು ಕೊಟ್ಟೂರಿನ ಗಿರಣಿ ಓಣಿಗೆ ಅಡ್ಡಲಾಗಿ ನಿಂತಿತು. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಅಕ್ಷರಗಳ ಕೆಳಗೆ ಶಿವಯೋಗಪ್ಪ. ತಲೆಗೆ ಕೇಸರಿ ರುಮಾಲು, ಹುರಿಮಾಡಿದ ಕಪ್ಪು ಮೀಸೆ, ಹೆಗಲಿಗೆ ಜರಿ ಶಲ್ಯ, ಒದ್ದೆ ಕಣ್ಣು.

ಶಿವಯೋಗಪ್ಪ ಜೀವಮಾನದಲ್ಲಿ ರುಮಾಲು ಸುತ್ತಿದವನಲ್ಲ. ಹಿಟ್ಟಿನ ಗಿರಣಿಯವನ ತಲೆಗೆ ಟವೆಲ್ ಒಂದೇ ಗತಿ. ಮೀಸೆ ಮೂಡಿದ ವರ್ಷದಿಂದಲೇ ಅದಕ್ಕೆ ಹಿಟ್ಟು ಕೂತು ಬೆಳ್ಳಗಾಗಿತ್ತು. ಆಮೇಲೆ ವಯಸ್ಸೇ ಬಂದು ಬೆಳ್ಳಗೆ ಮಾಡಿದಾಗ ಯಾರಿಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ.

“ಮಂಜಣ್ಣ, ಇದು ಎಲ್ಲಿ ತಗದ ಫೋಟೋ?”

ಎದುರಿನ ಕಂಬಕ್ಕೆ ಹಗ್ಗ ಕಟ್ಟುತ್ತಿದ್ದ ಮಿರ್ಚಿ ಅಂಗಡಿ ಮಂಜಣ್ಣ ತಿರುಗಿ ನೋಡಲಿಲ್ಲ. “ಯಾವುದರ ಮದುವ್ಯಾಗ ತಗದಿರಬೇಕು ತಗೋರಿ.”

“ಯಾರ ಮದುವಿ?”

“ಸಾಬ್ರ, ಮೊದ್ಲ ಹಗ್ಗ ಬಿಗೀರಿ. ಗಾಳಿ ಐತಿ.”

ಒಳಗೆ ಪಡಸಾಲೆಯಲ್ಲಿ ಶಿವಯೋಗಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ. ಭಜನೆಯವರು ತಾಳ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು. ಅವರು ಮುಗಿಸಿದ ಮೇಲೆ, ಹೆಣ ಎತ್ತುವ ಮೊದಲು, ಯೂಸುಫ್ ಸಾಬ್ ಹಾಡಬೇಕಿತ್ತು. ಅದು ಓಣಿಗೆಲ್ಲ ಗೊತ್ತಿದ್ದ ಮಾತು. ಯಾರು ಮೊದಲು ಹೋಗುತ್ತಾರೋ ಅವರ ಮುಂದೆ ಉಳಿದವರು ‘ಹೊಳಿದಂಡಿ ಹೂವಕ್ಕ’ ನಾಟಕದ ಕೊನೆಯ ಹಾಡನ್ನು, ಒಂದು ಚರಣವನ್ನೂ ಬಿಡದೆ, ಹಾಡಬೇಕು ಎಂದು ಇಬ್ಬರೂ ಮಾತು ಕೊಟ್ಟುಕೊಂಡಿದ್ದರು. “ನೀ ಮೊದ್ಲ ಹೋದ್ರ ನಾ ಏನ್ ಹಾಡ್ಲಿ ಲೇ?” ಎಂದು ಶಿವಯೋಗಪ್ಪ ಆಗಲೇ ನಕ್ಕಿದ್ದ. “ಗಿರಣಿ ಚಾಲೂ ಮಾಡಿ ಬಿಡ್ತೀನಿ. ನನ್ನ ದನಿಗಿಂತ ಅದು ಶ್ರುತಿಯಾಗ ಇರ್ತೈತಿ.”

ಯೂಸುಫ್ ಸಾಬ್ ಬೆಳಿಗ್ಗೆಯಿಂದ ಚಹಾ ಮುಟ್ಟಿರಲಿಲ್ಲ. ಬಿಸಿನೀರು ಕುಡಿದು, ಲವಂಗ ಅಗಿದು ಗಂಟಲು ಕಾಯ್ದುಕೊಂಡಿದ್ದ. ಕಟ್ಟೆಯ ಮೇಲೆ ಗಂಡಸರ ನಡುವೆ ಜಾಗ ಮಾಡಿಕೊಂಡು ಕೂತ. ಸಾವಿನ ಮನೆಯಲ್ಲಿ ಕಾಯುವ ಗಂಡಸರ ಮಾತು ಮಳೆ, ಜೋಳದ ರೇಟು ಎಲ್ಲ ಮುಗಿಸಿ, ಸತ್ತವನಿಗೆ ಹುಚ್ಚು ಹಿಡಿಸಿದ್ದ ಹೂವಕ್ಕನ ನಾಟಕ, ಅದನ್ನಿಟ್ಟುಕೊಂಡು ತೆಗೆದ ಸಿನಿಮಾದ ಕಡೆಗೆ ಹೊರಳಿತ್ತು.

“ಏನ ಅನ್ರಿ, ನಾಟಕದ ಮುಂದ ಆ ಸಿನಿಮಾ ಹೊಟ್ಟು,” ಎಂದ ರಿಟೈರ್ಡ್ ಕಂಡಕ್ಟರ್ ನಾಗಪ್ಪ. “ಹೂವಕ್ಕ ಅನ್ನೋ ಹೆಸರಿನಾಗಿನ ಅಕ್ಕನ್ನ ಕೊಯ್ದು ‘ಹೂವಿ’ ಅಂತ ಬಿಟ್ರು. ಮೈಮ್ಯಾಲಿನ ಸೆರಗು ಎಳದಂಗ.”

“ನಿಮ್ಮ ನಾಟಕದಾಗ ಹೊಳಿ ಅಂದ್ರ ಏನಿತ್ತಪ?” ಹಗ್ಗ ಕಟ್ಟಿ ಬಂದ ಮಂಜಣ್ಣ ಬಿಡಲಿಲ್ಲ. “ಎರಡು ನೀಲಿ ಸೀರಿ. ಆಕಡಿ ಒಬ್ಬ, ಈಕಡಿ ಒಬ್ಬ ಹಿಡಕಂಡು ಅಲ್ಲಾಡಸ್ತಿದ್ರು. ಸಿನಿಮಾದಾಗ ಹಲವಾಗಲ ಹೊಳಿ. ಖರೇ ನೀರು.”

“ಆ ಸೀರಿ ಹೊಳ್ಯಾಗ ಹಿಂದಿನ ಸಾಲಿನಾಗ ಕುಂತೋರು ಸೈತ ತೊಯ್ಸಿಕೊಂಡೀವಿ. ನಿನ್ನ ಖರೇ ನೀರಾಗ ಹೀರೋಯಿನ್ ಕಾಲುಂಗ್ರ ತೊಯ್ಲಿಲ್ಲ.”

ನಗು ಎದ್ದು, ಬಾಗಿಲ ಕಡೆ ನೋಡಿ, ಅಲ್ಲೇ ಅಡಗಿತು. ಯೂಸುಫ್ ಸಾಬ್ ಕೂಡ ತುಟಿ ಬಿಚ್ಚಿದ. ಶಿವಯೋಗಪ್ಪ ಇದ್ದಿದ್ದರೆ ನಾಗಪ್ಪನ ಬೆನ್ನಿಗೆ ಒಂದು ಗುದ್ದು ಹಾಕಿ ಶಭಾಷ್ ಅನ್ನುತ್ತಿದ್ದ.

“ಹಾಡು ಮಟಾಷ್ ಮಾಡ್ಯಾರ, ಅದನ್ನ ನಾನೂ ಒಪ್ತೀನಿ,” ಮಂಜಣ್ಣ ಬಿಸಿಯಾಗಿದ್ದ. “ಪೆಟ್ಟಿಗಿ ಇಲ್ಲ, ತಬಲಾ ಇಲ್ಲ, ಗಿಟಾರು ಕುಟ್ಟತಾರ. ಆದ್ರ ಆ ಟೆಂಟಿನ ಸೀನು ತಗೋ. ಅಷ್ಟು ಸಣ್ಣ ಹಾಡಿನಾಗ ನಮ್ಮ ಶಿವಯೋಗಪ್ಪನ ಮುಖ ತೋರಸ್ತಾನ ನೋಡು, ಕಣ್ಣೀರು ಹಿಂಗ ಇಳದು ಮೀಸಿಮ್ಯಾಗ...”

ನಾಗಪ್ಪ ಅವನ ತೊಡೆ ಚಿವುಟಿದ. ಯಾರೋ ಕೆಮ್ಮಿದರು. ಒಬ್ಬೊಬ್ಬರಾಗಿ ಎಲ್ಲರೂ ಯೂಸುಫ್ ಸಾಬ್‌ನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದರು.

“ಯಾವ ಶಿವಯೋಗಪ್ಪ?” ಎಂದು ಕೇಳಿದ ಯೂಸುಫ್ ಸಾಬ್.

* * *

ಆ ಸಿನಿಮಾ ತೆಗೆದ ಹಡಗಲಿಯ ಹುಡುಗ ಕ್ರಾಂತಿಕುಮಾರ್ ಮೊದಲ ಸಲ ಬಂದ ದಿನ ಯೂಸುಫ್ ಸಾಬ್ ಬೋರ್‌ವೆಲ್ ಮೋಟಾರೊಂದನ್ನು ಬಿಚ್ಚಿ ಹಾಕಿಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ಅವನ ಮೋಟಾರ್ ರಿವೈಂಡಿಂಗ್ ಅಂಗಡಿಗೂ ಶಿವಯೋಗಪ್ಪನ ಗಿರಣಿಗೂ ನಡುವೆ ಒಂದೇ ಗೋಡೆ.

“ಹೂವಕ್ಕನ ಸಿನಿಮಾ ಮಾಡಾಕ ಹತ್ತೀನ್ರಿ. ಆ ಹಾಡು ನಿಮ್ಮ ದನ್ಯಾಗ ಬೇಕ್ರಿ, ಸಾಬ್ರ,” ಎಂದ ಹುಡುಗ. “ನಮ್ಮಪ್ಪ ನಿಮ್ಮ ಹೂವಕ್ಕನ್ನ ನೋಡ್ಯಾನಂತ. ಈಗೂ ಹೇಳ್ತಾನ.”

ಯೂಸುಫ್ ಸಾಬ್‌ನ ಕೈಯಲ್ಲಿ ತಂತಿ ಸಡಿಲವಾಯಿತು. ಊರಿನ ಹವ್ಯಾಸಿ ತಂಡದಲ್ಲಿ ಅವನು ಮೀಸೆ ಬೋಳಿಸಿ, ಇಳಕಲ್ ಸೀರೆ ಉಟ್ಟು ಹೂವಕ್ಕನಾಗುತ್ತಿದ್ದ ಕಾಲವೊಂದಿತ್ತು. ಕೂಡ್ಲಿಗಿ, ಹರಪನಹಳ್ಳಿ, ತೆಲಿಗಿ, ಎಲ್ಲಿ ನಾಟಕವಾದರೂ ಶಿವಯೋಗಪ್ಪ ಗಿರಣಿ ಬಂದ್ ಮಾಡಿ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಅಂಬಿಗ ಹರಗೋಲು ಹತ್ತಿ ಹೋಗುವಾಗ ಹೂವಕ್ಕ ಹಾಡುವ ಹಾಡು ಅದು. ನಾಲ್ಕು ಚರಣ. ಮೂರನೆಯದಕ್ಕೆ ಬಂದಾಗ ಯೂಸುಫ್ ಸಾಬ್ ದನಿ ಇಳಿಸುತ್ತಿದ್ದ. ಅಲ್ಲೇ, ಪ್ರತಿ ಸಲವೂ ಅಲ್ಲೇ, ಶಿವಯೋಗಪ್ಪ ನಾಚಿಕೆ ಇಲ್ಲದೆ ಅಳುತ್ತಿದ್ದ. ಬೇರೆ ಯಾವುದಕ್ಕೂ ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ತಾಯಿಯ ಮಣ್ಣಿಗೂ ಅತ್ತಿರಲಿಲ್ಲ. “ಅದಕ್ಕ ಮೂರನೇ ಚರಣ ಇರ್ಲಿಲ್ಲಲ್ಲ” ಎಂದಿದ್ದ.

ಯೂಸುಫ್ ಸಾಬ್ ಹೂಂ ಅನ್ನುವವನೇ ಇದ್ದ. ಅಷ್ಟರಲ್ಲಿ ಗೋಡೆಯಾಚೆಯಿಂದ ಶಿವಯೋಗಪ್ಪ ಹಿಟ್ಟು ಕೊಡವಿಕೊಳ್ಳುತ್ತ ಬಂದ.

“ಎಷ್ಟು ಚರಣ ಹಾಡಸ್ತೀಯಪ?”

“ಪಲ್ಲವಿ, ಒಂದು ಚರಣ. ಸಿನಿಮಾಕ್ಕ ಅಷ್ಟ ಸಾಕ್ರಿ.”

“ಜ್ವಾಳದ ಚೀಲ ತಂದಿಟ್ಟು ಒಂದು ಹಿಡಿ ಬೀಸಿ ಕೊಡು ಅಂದಂಗಾತು.” ಆಮೇಲೆ ಹುಡುಗನ ಎದುರೇ ತಿರುಗಿ, “ಲೇ ಯೂಸುಫ, ನೀ ಹೋಗಿ ಅದನ್ನ ಹಾಡಿದ್ರ ನನ್ನ ಗಿರಣಿ ಮೆಟ್ಲು ಹತ್ತಬ್ಯಾಡ” ಎಂದ.

ಯೂಸುಫ್ ಸಾಬ್ ತಂತಿಯನ್ನು ಮತ್ತೆ ಬಿಗಿ ಮಾಡಿಕೊಂಡ. ಹಾಡಲಿಲ್ಲ. ಸಿನಿಮಾ ನೋಡುವುದಿಲ್ಲವೆಂದು ಇಬ್ಬರೂ ಕೈ ಮೇಲೆ ಕೈ ಹಾಕಿದರು. ಅದು ಊರಿನ ಟಾಕೀಸಿಗೆ ಬಂದಾಗ ಮನೆಯವರೆಲ್ಲ ಹೋದರೂ ಯೂಸುಫ್ ಸಾಬ್ ಒಬ್ಬನೇ ಹೊಸ್ತಿಲ ಮೇಲೆ ಕೂತಿದ್ದ. ಮರಳಿ ಬಂದ ಹೆಂಡತಿ ಸೈದಾ ಬೀ, “ಹೆಂಗೈತಿ?” ಎಂದು ಅವನು ಕೇಳಿದ್ದಕ್ಕೆ, “ಐತಿ. ಉದ್ದಾತು” ಎಂದಷ್ಟೇ ಹೇಳಿ ಒಲೆ ಹಚ್ಚಲು ಹೋಗಿದ್ದಳು.

ಅದಕ್ಕೂ ಮೊದಲು, ಆ ಸಿನಿಮಾದ ಶೂಟಿಂಗು ಹಗರಿಬೊಮ್ಮನಹಳ್ಳಿಯಲ್ಲಿ ನಡೆಯುತ್ತಿದ್ದ ದಿನಗಳಲ್ಲಿ, ಶಿವಯೋಗಪ್ಪ ಕಣ್ಣು ತೋರಿಸಲು ಹರಪನಹಳ್ಳಿಯ ಮಗಳ ಮನೆಗೆ ಹೋಗಿದ್ದ. ಗಿರಣಿಯ ಕೀಲಿ ಯೂಸುಫ್ ಸಾಬ್‌ನ ಕೈಯಲ್ಲಿಟ್ಟು, “ಮಂದಿ ಜ್ವಾಳ ತಂದು ಕಾಯ್ತಾರ, ನೋಡ್ಕ್ಯಾ” ಎಂದಿದ್ದ. ಯೂಸುಫ್ ಸಾಬ್ ತನ್ನ ಮೋಟಾರುಗಳನ್ನು ಬಿಟ್ಟು, ಹಿಟ್ಟಿನ ಧೂಳಿಗೆ ಸೀನುತ್ತ, ಊರವರ ಜೋಳ ಬೀಸಿದ. ಶಿವಯೋಗಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮರಳಿದ. ಕನ್ನಡಕ ತೆಗೆದಾಗ ರೆಪ್ಪೆಯ ಅಂಚಿಗೆ ಕಪ್ಪು ಮೆತ್ತಿತ್ತು.

“ಏನೋ ಇದು?”

“ಔಷಧ.”

ವರ್ಷಗಟ್ಟಲೆ ಬಣ್ಣ ಹಚ್ಚಿಕೊಂಡವನು, ಕಣ್ಣಿಗೆ ಬರೆದ ಕಾಡಿಗೆ ತೊಳೆದರೂ ಹೇಗೆ ಉಳಿಯುತ್ತದೆ ಎಂದು ಕೈಯಾರೆ ಬಲ್ಲವನು, ಯೂಸುಫ್ ಸಾಬ್ ಅದನ್ನು ಔಷಧ ಎಂದು ನಂಬಿದ. ಉಜ್ಜಬೇಡ ಎಂದು ಬೇರೆ ಹೇಳಿದ.

* * *

ಹಿತ್ತಲ ಬಾಗಿಲಲ್ಲಿ ಶಿವಯೋಗಪ್ಪನ ಹೆಂಡತಿ ಅನ್ನದಾನಮ್ಮ ಕೂತಿದ್ದಳು. ಯೂಸುಫ್ ಸಾಬ್ ಎದುರು ನಿಂತದ್ದನ್ನು ಕಂಡು, ಅವನ ಮುಖದಲ್ಲೇ ಎಲ್ಲ ಓದಿಕೊಂಡಳು.

“ಹೇಳ್ತೀನಿ ಹೇಳ್ತೀನಿ ಅಂತಿದ್ರು, ಯೂಸುಫಣ್ಣ. ಧೈರ್ಯ ಆಗಲಿಲ್ಲ ಅವರಿಗೆ.”

“ಊರಿಗೆಲ್ಲ ಗೊತ್ತಿತ್ತೇನಕ್ಕ?”

“ನಿಮಗೊಬ್ಬರಿಗೆ ಹೇಳಬ್ಯಾಡ್ರಿ ಅಂತ ಮನಿಮನಿಗೆ ಹೋಗಿ ಕೈ ಮುಗದು ಬಂದಿದ್ರು.”

“ನಮ್ಮ ಮನಿಗೂ?”

ಸೈದಾ ಬೀ ಒಲೆ ಹಚ್ಚಲು ಅವಸರ ಮಾಡಿದ್ದು ಯಾಕೆಂದು ಅವನಿಗೆ ಈಗ ತಿಳಿಯಿತು.

“ನನಗ ಹಾಡಬ್ಯಾಡ ಅಂದು ತಾ ಹೋದ.”

“ಜೀವಮಾನದಾಗ ಅವರನ್ನ ಯಾರು ಏನು ಕೇಳಿದ್ರಣ್ಣ? ಕರೆಂಟ್ ಐತೇನ್ರಿ, ಹಿಟ್ಟು ಆತೇನ್ರಿ, ಇಷ್ಟ. ನಿಮಗ ದನಿ ಇತ್ತು, ಸೀರಿ ಉಟ್ಟು ನಿಂತ್ರ ಊರು ನೋಡತಿತ್ತು. ಆ ಹುಡುಗ ಬಂದು, ಅಜ್ಜಾರ ನಿಮ್ಮ ಮುಖ ಬೇಕ್ರಿ ಅಂದ. ಮುಖ ಬೇಕು ಅಂದನಂತ. ಕನ್ನಡಿ ಮುಂದ ಎಷ್ಟೊತ್ತು ನಿಂತಿದ್ರು ಗೊತ್ತೇನು ಅವತ್ತು?”

ಮಗಳು ಗಂಗಾಂಬಿಕಾ ಒಳಗಿಂದ ಬಂದು ಮೊಬೈಲು ಅವನ ಮುಂದೆ ಹಿಡಿದಳು. ನಾಟಕದ ಟೆಂಟು, ಪೆಟ್ರೋಮ್ಯಾಕ್ಸ್ ಬೆಳಕು, ಗಿಟಾರಿನ ಸದ್ದು. ಯಾವುದೋ ಹುಡುಗಿಯ ತೆಳ್ಳಗಿನ ದನಿ ಪಲ್ಲವಿಯನ್ನು ಅರ್ಧ ನುಂಗಿ ಹಾಡುತ್ತಿತ್ತು. ಆಲಾಪವಿಲ್ಲ, ಉಸಿರಿಗೆ ನಿಲುಗಡೆ ಇಲ್ಲ. ಆಮೇಲೆ ತೆರೆಯ ತುಂಬ ಶಿವಯೋಗಪ್ಪನ ಮುಖ. ಕಾಡಿಗೆಯ ಕಣ್ಣು ತುಂಬಿ, ನೀರು ಒಂದು ಕೆನ್ನೆಯ ಮೇಲೆ ನಿಧಾನ ಇಳಿಯಿತು.

ಕ್ರಾಂತಿಕುಮಾರ್ ಹಾರ ಹಿಡಿದು ಅದೇ ಹೊತ್ತಿಗೆ ಬಂದ. ಯೂಸುಫ್ ಸಾಬ್ ಅವನನ್ನು ಕೇಳಿದ್ದು ಒಂದೇ.

“ಕಣ್ಣಿಗೆ ಏನರ ಹಾಕಿದ್ರೇನು?”

“ಗ್ಲಿಸರಿನ್ ಇಟ್ಟಿದ್ವಿರಿ. ಬ್ಯಾಡಂದ್ರು. ಸ್ಪೀಕರ್‌ನ್ಯಾಗ ಹಾಡು ಹಾಕಿದ್ವಿ, ಮೊದಲನೇ ಟೇಕಿಗೇ ಅತ್ತರು. ನಮ್ಮ ಯೂನಿಟ್ಟೆಲ್ಲ ಚಪ್ಪಾಳಿ ಹೊಡೀತು.” ಹುಡುಗ ಹೆಮ್ಮೆಯಿಂದ ಹೇಳಿದ. ಸತ್ತವನಿಗೆ ಗೌರವ ಕೊಡುತ್ತಿದ್ದೇನೆ ಎಂದುಕೊಂಡಿದ್ದ.

ಪಾತ್ರದ ಆಸೆಯನ್ನು ಯೂಸುಫ್ ಸಾಬ್ ಕ್ಷಮಿಸಬಹುದಿತ್ತು. ರುಮಾಲು, ಮೀಸೆ, ಸುಳ್ಳು ಕನ್ನಡಕ, ಹಿಟ್ಟಿನ ಧೂಳಿನಲ್ಲಿ ತಾನು ಸೀನಿದ್ದು, ಎಲ್ಲವನ್ನೂ ಒಂದು ದಿನ ನಕ್ಕು ಮರೆಯಬಹುದಿತ್ತು. ಆದರೆ ಅವನು ಖರೇ ಅತ್ತಿದ್ದ. ಒಂದು ಚರಣದ ಹಾಡಿಗೆ.

“ಕಾಕಾ,” ಎಂದಳು ಗಂಗಾಂಬಿಕಾ, “ಭಜನಿ ಮುಗೀತು. ಹಾಡ್ರಿ.”

“ಆ ಹುಡುಗಿ ಹಾಡು ಹಾಕ್ರಿ. ಅವನಿಗೆ ಸೇರತೈತಿ,” ಎಂದು ಯೂಸುಫ್ ಸಾಬ್ ಚಪ್ಪಲಿ ಹುಡುಕತೊಡಗಿದ.

ಹಾಗೇ ಮಾಡಿದರು. ಬಾಳೆಕಂದು ಕಟ್ಟಿದ ಟ್ರ್ಯಾಕ್ಟರಿನಲ್ಲಿ ಕುರ್ಚಿಯ ಮೇಲೆ ಶಿವಯೋಗಪ್ಪ ಕೂತ. ಮೊಬೈಲಿಗೆ ಜೋಡಿಸಿದ ಸ್ಪೀಕರಿನಲ್ಲಿ ಸಿನಿಮಾದ ಹಾಡು ಹೊರಟಿತು. ಅದು ಎಷ್ಟು ಸಣ್ಣದೆಂದರೆ ಓಣಿಯ ತಿರುವು ಬರುವಷ್ಟರಲ್ಲಿ ಮುಗಿದು, ಹನಿ ನೀರಾವರಿ ಪೈಪಿನ ಜಾಹೀರಾತು ಶುರುವಾಯಿತು. ಯಾರೋ ಓಡಿ ಹೋಗಿ ಮತ್ತೆ ಹಾಡು ಹಾಕಿದರು. ಮತ್ತೆ ಮುಗಿಯಿತು. ಮನೆಗೆ ಹೋಗುತ್ತೇನೆ ಎಂದುಕೊಂಡಿದ್ದ ಯೂಸುಫ್ ಸಾಬ್ ಟ್ರ್ಯಾಕ್ಟರಿನ ಹಿಂದೆಯೇ, ತುಸು ದೂರ ಬಿಟ್ಟು, ನಡೆಯುತ್ತಿದ್ದ. ನಾಗಪ್ಪ ಪಕ್ಕಕ್ಕೆ ಬಂದು, “ಸಾಬ್ರ, ನಾನರ ಹೇಳಬೇಕಿತ್ತು” ಎಂದ. ಯೂಸುಫ್ ಸಾಬ್ ಹೆಜ್ಜೆಯನ್ನು ಚುರುಕು ಮಾಡಿದ.

ರುದ್ರಭೂಮಿಯಲ್ಲಿ ಕುಣಿ ತೋಡಿಟ್ಟಿದ್ದರು. ಶಿವಯೋಗಪ್ಪನನ್ನು ಕೆಳಗಿಳಿಸಿ, ಕುಣಿಯ ಒಳಗೋಡೆಗೆ ಕೊರೆದ ಗೂಡಿನಲ್ಲಿ ಚಕ್ಕಳಮಕ್ಕಳ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ, ಅಂಗೈಗೆ ಲಿಂಗವಿಟ್ಟು, ಬಿಲ್ವಪತ್ರಿ ಹಾಕಿ, ಎರಡೂ ಕೆನ್ನೆಗೆ ಹೊಸದಾಗಿ ವಿಭೂತಿ ಬಳಿದು ಮೇಲೆ ಬಂದರು. ಸಲಿಕೆಯವರು ಕೈಗೆ ಉಗುಳಿಕೊಂಡರು.

“ತಡೀರಿ,” ಎಂದ ಯೂಸುಫ್ ಸಾಬ್.

ಕುಣಿಯ ಅಂಚಿಗೆ ಬಂದು ನಿಂತ. ಕ್ರಾಂತಿಕುಮಾರ್ ಮೊಬೈಲು ಎತ್ತಿದ. “ಇಳಸಪ ಅದನ್ನ,” ಎಂದ ಯೂಸುಫ್ ಸಾಬ್, ಅತ್ತ ನೋಡದೆ. ಆಲಾಪ ತೆಗೆದ. ಗಂಟಲು ಮೊದಲು ಒಡೆಯಿತು, ಆಮೇಲೆ ದಾರಿಗೆ ಬಂತು. ‘ಹರಗೋಲ ಬಿಡಬ್ಯಾಡೋ ಅಂಬಿಗ, ಇನ್ನೊಂದು ಮಾತೈತಿ.’ ಮೊದಲ ಚರಣ ಮುಗಿದಾಗ ಸಲಿಕೆಯವರು ಸಲಿಕೆ ಎತ್ತಿದರು. ಮುಗಿದಿಲ್ಲವೆಂದು ತಿಳಿದು ಇಳಿಸಿದರು. ಎರಡನೆಯದಕ್ಕೆ ಅಯ್ಯನವರು ಬಿಸಿಲಿನಿಂದ ಜಾಲಿಯ ನೆರಳಿಗೆ ಸರಿದರು. ಮಂಜಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಸಲಿಕೆಯವರಲ್ಲಿ ಒಬ್ಬ ಮಣ್ಣಿನ ಗುಡ್ಡೆಯ ಮೇಲೆ ಕೂತ, ಇನ್ನೊಬ್ಬನೂ ಕೂತ. ಯಾರು ಬೇಕಾದರೂ ಎದ್ದು ಹೋಗಬಹುದಿತ್ತು, ಕೆಳಗೆ ಕೂತವನೊಬ್ಬನನ್ನು ಬಿಟ್ಟು.

ನೀ ಹೇಳಿ ಹೋಗಿದ್ದರ ನಾ ತಡಿತಿದ್ದಿಲ್ಲೋ,
ಹೇಳದ ಹೋದೆಂತ ದಂಡಿಗೆ ನಿಂತೀನೋ

ಯೂಸುಫ್ ಸಾಬ್ ಈ ಸಲ ದನಿ ಇಳಿಸಲಿಲ್ಲ. ಮೂರನೇ ಚರಣವನ್ನು ಎತ್ತರದ ದನಿಯಲ್ಲೇ, ಒಂದೊಂದೇ ಮಾತು ಬಿಡಿಸಿ, ಕೆಳಗಿನ ಮುಖಕ್ಕೆ ನೇರವಾಗಿ ಹಾಡಿದ. ಹಾಡುತ್ತ ಬಗ್ಗಿ ನೋಡಿದ. ಗೂಡಿನ ನೆರಳಿನಲ್ಲಿ ಎರಡೂ ಕೆನ್ನೆಯ ವಿಭೂತಿ ಒಂದು ಗೆರೆಯೂ ಒಡೆಯದೆ ಒಣಗಿತ್ತು.