ಬೀರಮ್ಮನ ಮಣೆ

"ಜಾರ್ತದೆ ಕಣವ್ವ. ಇದ್ರ ಮ್ಯಾಲೆ ಎಂಗೆ ಒಸೆಯೋದು?" ಎಂದಳು ಬೀರಮ್ಮ.

ಹೊಸ ಮೇಜಿನ ಮೇಲೆ ಅವಳು ಅಂಗೈಯಿಂದ ಒತ್ತಿದ ಊದಿನಕಡ್ಡಿ ಉರುಳಲಿಲ್ಲ, ಸರಕ್ಕನೆ ಜಾರಿತು. ಮೆತ್ತಿದ್ದ ಕರಿ ಮಸಾಲೆ ಕಡ್ಡಿ ಬಿಟ್ಟು ಸನ್‌ಮೈಕಾಗೆ ಅಂಟಿಕೊಂಡಿತು.

ನಿಶ್ಚಿತಾಳ ಮೈಯೆಲ್ಲ ಉರಿದುಹೋಯಿತು. ಎಂಜಿನಿಯರಿಂಗ್ ಮೂರನೇ ವರ್ಷದ ಕಮ್ಯುನಿಟಿ ಪ್ರಾಜೆಕ್ಟಿಗೆಂದು ಅವಳೂ ಶಿವಕಿರಣನೂ ಒಂಟಿಕೊಪ್ಪಲಿನ ಈ ವಠಾರಕ್ಕೆ ಎರಡು ತಿಂಗಳು ಎಡತಾಕಿದ್ದರು. ದಿನವಿಡೀ ನೆಲದಲ್ಲಿ ಕೂತು ಹೊಸೆದು ಸೊಂಟ ಬಿದ್ದುಹೋಗಿದ್ದ ಬೀರಮ್ಮನಿಗೆ ಎತ್ತರದ ಮೇಜು ಮಾಡಿಕೊಡುತ್ತೇವೆಂದು ಮಾತು ಕೊಟ್ಟವಳು ಇವಳೇ. ಮೇಲೆ ಬರಿ ಮರವೇ ಇರಬೇಕೆಂದು ಬೀರಮ್ಮ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದವಳೂ ಇವಳೇ. ಕಾಲೇಜಿನ ಪ್ರದರ್ಶನದ ಮುನ್ನಾದಿನ ಇವಳು ವರದಿ ಟೈಪು ಮಾಡಿಸಲು ಹೋಗಿದ್ದಾಗ, ಮಹಾಶಯ ಶಿವಕಿರಣ ಮೇಲ್ಹಲಗೆ ಕೂರಿಸಿ, ಚೆಂದ ಕಾಣಲೆಂದು ಸನ್‌ಮೈಕಾ ಅಂಟಿಸಿಬಿಟ್ಟಿದ್ದ. ಮೊದಲ ಬಹುಮಾನವೂ ಬಂತು. ತಾನೂ ಹಲ್ಲು ಕಿರಿದುಕೊಂಡು ಫೋಟೋಗೆ ನಿಂತಿದ್ದು ನೆನಪಾಗಿ ನಿಶ್ಚಿತಾಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

"ಓಗ್ಲಿ ಬುಡಿ. ಅಳತೆಗೆ ಅಂತ ನನ್ ಅಳೇ ಮಣೆ ತಕ್ಕೊಂಡೋದ್ರಲ್ಲ, ಅದ್ನ ಕೊಟ್ಬುಡಿ. ನಾಳೆ ಫ್ಯಾಕ್ಟ್ರಿಯೋರ್ಗೆ ಎರಡು ಸಾವ್ರ ಕಡ್ಡಿ ಕೊಡ್ಬೇಕು. ಕೊಡ್ದಿದ್ರೆ ಮುಂದಿನ್ ವಾರದಿಂದ ಮಾಲು ಬ್ಯಾರೆಯೋರ್ ಪಾಲು."

ಶಿವಕಿರಣ ಕತ್ತು ಕೆರೆದುಕೊಂಡ. "ಅದು ಇದೇ ಕಣಮ್ಮ. ಬೇರೆ ಹಲಗೆ ಸಿಗ್ಲಿಲ್ಲ, ನಿಮ್ಮ ಮಣೇನೇ ಮೇಲೆ ಹಾಕ್ಬುಟ್ಟೆ. ನಡುವೆ ತಗ್ಗಿತ್ತಲ್ಲ, ಪುಟ್ಟಿ ಮೆತ್ತಿ ಸಮ ಮಾಡಿದೀನಿ."

ಬೀರಮ್ಮ ಅವನನ್ನೇ ನೋಡಿದಳು. "ಆ ತಗ್ಗು ಬೀಳಕ್ಕೆ ಇಪ್ಪತ್ ವರ್ಸ ಇಡೀತು ಕಣಪ್ಪ," ಎಂದಳು.

ಅವನಿಗೆ ಅದೂ ನಾಟಲಿಲ್ಲ. ನಿಶ್ಚಿತಾಳ ಕೈಗೆ ಕಾಗದ ತುರುಕಿ, "ಬಳಕೆದಾರರು ತೃಪ್ತರು ಅಂತ ಇದೆ, ಹೆಬ್ಬೆಟ್ಟು ಒತ್ತಿಸ್ಕೊ. ಇವತ್ತು ಕೊಡ್ದಿದ್ರೆ ಸಾರ್ ಮಾರ್ಕ್ಸ್ ಹಾಕಲ್ಲ," ಎಂದು ಪಿಸುಗುಟ್ಟಿದ.

"ಬಾಯ್ಮುಚ್ಚು." ನಿಶ್ಚಿತಾ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಸನ್‌ಮೈಕಾದ ಅಂಚಿಗೆ ತಿವಿದಳು. ಒಂದು ಮೂಲೆ ಎದ್ದಿತು. ಅದರ ಜೊತೆಗೆ ಮಣೆಯ ಮರವೂ ಸಿಬಿರು ಸಿಬಿರಾಗಿ ಕಿತ್ತುಬಂತು.

"ಸಾಕು ಬುಡವ್ವ. ಇರೋದ್ನೂ ಕೀಳ್ಬ್ಯಾಡ."

ಬೀರಮ್ಮ ಅವಳನ್ನು ಸರಿಸಿ ಮೇಜನ್ನು ಬೋರಲು ಹಾಕಿದಳು. ನಾಲ್ಕು ಕಾಲುಗಳೂ ಮೇಲಾದವು, ನಡುವೆ ಮಣೆಯ ಬರಿ ಬೆನ್ನು. ಸೊಂಟ ಹಿಡಿದುಕೊಂಡು ಮತ್ತೆ ನೆಲಕ್ಕೇ ಕೂತಳು. ಮೇಜಿನ ಕಾಲುಗಳ ಸಂದಿಯಲ್ಲಿ ಕೈ ತೂರಿಸಿ ಒಂದು ಕಡ್ಡಿ ಹೊಸೆದಳು. ಎದ್ದ ಸನ್‌ಮೈಕಾ ಅಡಿಗಿದ್ದುದರಿಂದ ಮಣೆ ಲಟಕ್ ಲಟಕ್ ಎಂದು ಅಲುಗಿ ಕಡ್ಡಿ ಸೊಟ್ಟಗಾಯಿತು. ಅದನ್ನು ಬಿಸಾಕಿ, ತಲೆಯೆತ್ತದೆ ಮಸಾಲೆ ಮೆತ್ತಿದ ಕರಿ ಹೆಬ್ಬೆಟ್ಟನ್ನು ಚಾಚಿದಳು.

"ಎಲ್ ಒತ್ಬೇಕು, ತತ್ತಾ. ನಿಮ್ ಕೆಲ್ಸ ಮುಗುಸ್ಕೊಂಡು ಓಗಿ."

ನಿಶ್ಚಿತಾ ಕಾಗದವನ್ನು ಎರಡಾಗಿ ಮಡಿಸಿದಳು. ನಾಲ್ಕಾಗಿ ಮಡಿಸಿದಳು. "ಏಯ್, ಅದೊಂದೇ ಇರೋದು ಕಣೆ," ಎಂದ ಶಿವಕಿರಣ. ಅವಳು ಮೊಣಕಾಲೂರಿ ಅದನ್ನು ಅಲುಗುವ ಮೂಲೆಯ ಅಡಿಗೆ ಒತ್ತಿ ತುರುಕಿದಳು.

ಬೀರಮ್ಮ ಮಣೆಯನ್ನು ಒಮ್ಮೆ ಅದುಮಿ ನೋಡಿ, ಇನ್ನೊಂದು ಕಡ್ಡಿ ತೆಗೆದುಕೊಂಡಳು.